ಕೂದಲು, ಉಗುರು ನೋಡಿ ತಿಂಗಳುಗಟ್ಟಲೆ ಕುಡಿದದ್ದು ಗೊತ್ತಾಗುತ್ತದಾ?

ಗೊತ್ತಾಗುತ್ತದೆ. ಆದರೆ ಹುಡುಕುವುದು ಮದ್ಯವನ್ನಲ್ಲ, ಅದು ದೇಹದಲ್ಲಿ ಕರಗುವಾಗ ಹುಟ್ಟುವ ಈಥೈಲ್ ಗ್ಲುಕುರೊನೈಡ್ ಎಂಬ ವಸ್ತುವನ್ನು. ಅದು ರಕ್ತ, ಬೆವರಿನಿಂದ ಕೂದಲು ಸೇರಿ ಅಲ್ಲೇ ಉಳಿಯುತ್ತದೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂ.ಮೀ. ಬೆಳೆಯುತ್ತದೆ ಅಲ್ವಾ, ಹಾಗಾಗಿ ಬುಡದ 3 ಸೆಂ.ಮೀ. ಅಂದರೆ ಹೆಚ್ಚುಕಡಿಮೆ ಕಳೆದ ಮೂರು ತಿಂಗಳ ಲೆಕ್ಕ. 1 ಮಿಲಿಗ್ರಾಂ ಕೂದಲಲ್ಲಿ ಈ ವಸ್ತು 30 ಪಿಕೋಗ್ರಾಂ (ಗ್ರಾಂನ ಲಕ್ಷ ಕೋಟಿಯ ಒಂದು ಪಾಲು ಅಂದರೆ 1 ಪಿಕೋಗ್ರಾಂ) ದಾಟಿದರೆ ಕುಡಿತ ಜಾಸ್ತಿ ಎಂದು ಲ್ಯಾಬ್‌ಗಳು ಎಣಿಸುತ್ತವೆ. 5ಕ್ಕಿಂತ ಕಡಿಮೆ ಬಂದರೆ 'ಕುಡಿದೇ ಇಲ್ಲ' ಅಂತಲ್ಲ. ಅಪರೂಪಕ್ಕೆ ಒಂದು ಪೆಗ್ ಹಾಕಿದವರೂ ತಪ್ಪಿಸಿಕೊಳ್ಳಬಹುದು. ಬ್ಲೀಚ್ ಮಾಡಿಸಿದರೂ ಈ ಗುರುತು ಕಡಿಮೆಯಾಗುತ್ತದೆ.

ತಲೆ ಬೋಳಿಸಿಕೊಂಡು ಬಂದವರಿಗೆ ಉಗುರಿದೆ! ಕೈಯುಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ, ಅದರಲ್ಲೂ ಇದೇ ವಸ್ತು ಸಿಗುತ್ತದೆ. ಯಾವ ದಿನ ಕುಡಿದರು ಅಂತ ಮಾತ್ರ ಎರಡೂ ಹೇಳುವುದಿಲ್ಲ.