ಸುದ್ದಿ ಬಂದಿತ್ತು, ಬೇರೆ ಮೇಜಿಗೆ

ಓದುಗರ ಪತ್ರ: ನಾನು ಒಂದು ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮಲ್ಲಿ ಷೇರು ಲೆಡ್ಜರ್ ಬೀರುವಿನಲ್ಲಿ, ಸಾಲದ ಲೆಕ್ಕ ಕಂಪ್ಯೂಟರಿನಲ್ಲಿ, ಗೊಬ್ಬರದ ದಾಸ್ತಾನು ಗುಮಾಸ್ತರ ಮೊಬೈಲಿನಲ್ಲಿ. ಹೊಸ ಸಾಫ್ಟ್‌ವೇರ್ ಬಂದರೂ ಆಡಿಟ್ ಹೊತ್ತಿಗೆ ಹುಡುಕಾಟ ತಪ್ಪಿಲ್ಲ. ತರಬೇತಿಯಲ್ಲಿ ‘ಸಮಗ್ರ ಮಾಹಿತಿ ನಿರ್ವಹಣೆ’ ಅಂದರು. ಹಾಗೆಂದರೇನು? ಸ್ಕ್ಯಾನ್ ಆದ ಮೇಲೆ ಹಳೆ ಪುಸ್ತಕಗಳನ್ನು ರದ್ದಿಗೆ ಹಾಕಬಹುದೇ?

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ನಗು ಬಂತು, ನಾಚಿಕೆಯೂ ಆಯಿತು. ನಗು ಗುಮಾಸ್ತರ ಮೊಬೈಲಿಗೆ. ನಾಚಿಕೆ ನಮ್ಮದೇ ಕಚೇರಿಗೆ. ನಮ್ಮ ಹಳೆಯ ಚಂದಾದಾರರೊಬ್ಬರು ತೀರಿಕೊಂಡಾಗ ಅವರ ಹೆಂಡತಿ ಕಾರ್ಡು ಬರೆದು ತಿಳಿಸಿದ್ದರು. ಕಾರ್ಡು ಸಂಪಾದಕೀಯ ವಿಭಾಗಕ್ಕೆ ಬಂತು. ನಾವು ಓದಿ, ಮರುಗಿ, ‘ಓದುಗರ ಪತ್ರ’ ಫೈಲಿಗೆ ಸೇರಿಸಿದೆವು. ಪ್ರಸಾರ ವಿಭಾಗ ಇರುವುದು ಪಕ್ಕದ ಕೋಣೆಯಲ್ಲಿ. ಅಲ್ಲಿಗೆ ಯಾರೂ ಹೇಳಲೇ ಇಲ್ಲ. ‘ನಿಮ್ಮ ಚಂದಾ ಮುಗಿಯುತ್ತಿದೆ’ ಎಂಬ ಪತ್ರ ಸತ್ತವರ ಹೆಸರಿಗೇ ಎರಡು ಸಲ ಹೋಯಿತು. ಚಂದಾದಾರರ ಪಟ್ಟಿ ಕಂಪ್ಯೂಟರಿನಲ್ಲೇ ಇತ್ತು. ಸಾಫ್ಟ್‌ವೇರ್ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು!

‘ಸಮಗ್ರ’ ಅನ್ನುವ ಪದ ನನಗೆ ಅಷ್ಟು ಹಿಡಿಸುವುದಿಲ್ಲ. ಆದರೆ ಅದರೊಳಗಿನ ಮಾತು ಸರಿ. ಕಾಗದ, ಕಂಪ್ಯೂಟರು, ಫೋನು, ಹಳಬರ ತಲೆಯೊಳಗೆ ಇರುವುದು, ಇವೆಲ್ಲ ಒಂದೇ ಮನೆಯ ಸಾಮಾನು. ಕಂಪ್ಯೂಟರಿನಲ್ಲಿ ಇರುವುದಷ್ಟೇ ಮಾಹಿತಿ ಅಂದುಕೊಂಡರೆ ಕೆಟ್ಟೆವು.

ನಿಮ್ಮ ಕೈಗೆ ದಿನವೂ ಬರುವ ಪಹಣಿಯನ್ನೇ ನೋಡಿ. ಕಂದಾಯ ಇಲಾಖೆ 2000ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ಹತ್ತಿರ ಹತ್ತಿರ 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದಕ್ಕೆ ಮೊದಲು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಬೇಕಿತ್ತು. ಅವರು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಆಮೇಲೆ ತಾಲ್ಲೂಕು ಕಚೇರಿಯ ಕೌಂಟರಿನಲ್ಲಿ 15 ರೂಪಾಯಿಗೆ ಸಿಗತೊಡಗಿತು. ನನ್ನ ಲೆಕ್ಕದಲ್ಲಿ ಜಾಣ ಕೆಲಸ ಕಂಪ್ಯೂಟರ್ ತಂದದ್ದಲ್ಲ. ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದದ್ದು. ಎರಡೂ ಜೊತೆಗೆ ನಡೆದಿದ್ದರೆ ಯಾವುದು ನಿಜ ಎಂಬ ಜಗಳ ಇವತ್ತಿಗೂ ಮುಗಿಯುತ್ತಿರಲಿಲ್ಲ. ನಿಮ್ಮ ಸಂಘದಲ್ಲಿ ಈಗ ಆಗುತ್ತಿರುವುದು ಅದೇ ಅಲ್ವಾ?

ಆದರೂ ಒಂದು ಗಂಟು ಉಳಿದಿತ್ತು. ಕ್ರಯಪತ್ರ ಆಗುವುದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ, ಅಲ್ಲಿ ‘ಕಾವೇರಿ’ ತಂತ್ರಾಂಶ. ನಕ್ಷೆ ಸರ್ವೆ ಇಲಾಖೆಯದು, ಅಲ್ಲಿ ‘ಮೋಜಿಣಿ’. ಸರ್ವೆ ನಂಬರು ಒಂದೇ, ಕಚೇರಿ ಮೂರು. ಒಂದು ಕಚೇರಿಯ ಕಾಗದವನ್ನು ಇನ್ನೊಂದಕ್ಕೆ ಹೊತ್ತುಕೊಂಡು ಓಡಾಡುವ ಕೆಲಸ ರೈತನ ಪಾಲಿಗೆ ಬಂತು. ಮೂರನ್ನೂ ಜೋಡಿಸಿದ ಮೇಲೆ ನೋಂದಣಿಯ ವಿವರ ತಾನಾಗಿ ‘ಭೂಮಿ’ಗೆ ಹೋಗಿ ಮ್ಯುಟೇಷನ್, ಅಂದರೆ ಪಹಣಿಯಲ್ಲಿ ಹೆಸರು ಬದಲಾಯಿಸುವ ಕೆಲಸ, ಶುರುವಾಗುತ್ತದೆ. ಜಮೀನಿನ ಒಂದು ಭಾಗ ಮಾರಬೇಕಾದರೆ ಮೊದಲು ಆ ಭಾಗವನ್ನು ಅಳೆದು ತೋರಿಸುವ 11-ಇ ನಕ್ಷೆ ಆಗಿರಬೇಕು.

ಇಷ್ಟಾದರೂ ತಾತ, ಮುತ್ತಾತನ ಹೆಸರಿನಲ್ಲೇ ಇರುವ ಪಹಣಿಗಳು ಬೇಕಾದಷ್ಟಿವೆ. ಪೌತಿ ಖಾತೆ, ಅಂದರೆ ಸತ್ತವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡುವುದು, ಆಗಿಲ್ಲ. ಊರಿಗೆಲ್ಲ ಗೊತ್ತಿರುವ ಸಾವು ಪಹಣಿಗೆ ಗೊತ್ತಿಲ್ಲ. ನಮ್ಮ ಕಾರ್ಡಿನ ಕಥೆಯೇ, ಸ್ವಲ್ಪ ದೊಡ್ಡದಾಗಿ.

ಈಗ ನಿಮ್ಮ ಸಂಘಕ್ಕೆ ಬರೋಣ. ದೇಶದ 63,000 ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾಫ್ಟ್‌ವೇರ್ ಇವತ್ತಲ್ಲ ನಾಳೆ ಎಲ್ಲರಿಗೂ ಬರುತ್ತದೆ. ನೀವು ಒಂದು ಕೆಲಸ ಮಾಡಿ. ಕಳೆದ ವರ್ಷ ತೀರಿಕೊಂಡ ಒಬ್ಬ ಸದಸ್ಯರ ಹೆಸರು ತೆಗೆದುಕೊಳ್ಳಿ. ನೋಟ್‌ಬುಕ್ ಹಿಡಿದು ಮೇಜಿಂದ ಮೇಜಿಗೆ ಹೋಗಿ. ಷೇರು, ನಾಮಿನಿ, ಸಾಲ, ಠೇವಣಿ, ಗೊಬ್ಬರದ ಉದ್ರಿ, ಚುನಾವಣೆಯ ಮತದಾರರ ಪಟ್ಟಿ. ಎಷ್ಟು ಕಡೆ ಅವರು ಇನ್ನೂ ಬದುಕಿದ್ದಾರೆ? ಒಂದು ಕಡೆ ಸಿದ್ದಪ್ಪ, ಇನ್ನೊಂದು ಕಡೆ ಸಿದ್ಧಪ್ಪ, ಮತ್ತೊಂದು ಕಡೆ ಬರೀ ಇನಿಷಿಯಲ್ ಇರಬಹುದು. ಸುಸ್ತಿ ಸಾಲದ ನೋಟಿಸು ಯಾರ ಹೆಸರಿಗೆ ಹೋಗುತ್ತಿದೆ?

ಆಗ ತಿಳಿಯುತ್ತದೆ ಎಲ್ಲಿ ದಾರಿ ಕಟ್ಟಿದೆ ಅಂತ. ಸದಸ್ಯರ ವಿವರ ಒಂದೇ ಕಡೆ ಬದಲಾಗಲಿ, ಒಬ್ಬರೇ ಬದಲಾಯಿಸಲಿ, ಉಳಿದವರು ಅಲ್ಲಿಂದಲೇ ತೆಗೆದುಕೊಳ್ಳಲಿ. ಆ ಒಬ್ಬರು ರಜೆ ಹಾಕಿದರೆ ಯಾರು ನೋಡುತ್ತಾರೆ ಎಂಬುದನ್ನೂ ಆಡಳಿತ ಮಂಡಳಿಯ ಸಭೆಯಲ್ಲಿ ಬರೆದಿಡಿ.

ಗುಮಾಸ್ತರನ್ನು ಸುಮ್ನೆ ಬೈಯಬೇಡಿ. ಗೋದಾಮು ಒಂದು ಕಡೆ, ದಾಸ್ತಾನು ಪುಸ್ತಕ ಇನ್ನೊಂದು ಕಡೆ ಇದ್ದರೆ ಯಾರಾದರೂ ಮೊಬೈಲಿನಲ್ಲೇ ಬರೆದುಕೊಳ್ಳುತ್ತಾರೆ. ಪುಸ್ತಕವನ್ನು ಗೋದಾಮಿಗೆ ಕಳಿಸಿ, ಸಂಜೆ ಕಂಪ್ಯೂಟರಿಗೆ ಏರಿಸಿ. ಆದರೆ ಸದಸ್ಯರ ಆಧಾರ್ ಪ್ರತಿ, ಸುಸ್ತಿದಾರರ ಪಟ್ಟಿ ವಾಟ್ಸಾಪ್ ಗುಂಪಿನಲ್ಲಿ ಓಡಾಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಒಟ್ಟಿಗೆ ಇಡುವುದು ಬೇರೆ, ಎಲ್ಲರಿಗೂ ತೋರಿಸುವುದು ಬೇರೆ.

ರದ್ದಿಯ ವಿಷಯ. ಸದಸ್ಯರ ರಿಜಿಸ್ಟರು, ನಡಾವಳಿ ಪುಸ್ತಕ ಮುಟ್ಟಬೇಡಿ. ಉಳಿದ ವೋಚರುಗಳಲ್ಲಿ ಯಾವುದನ್ನು ಎಷ್ಟು ವರ್ಷ ಇಡಬೇಕೆಂದು ನಿಮ್ಮ ಲೆಕ್ಕಪರಿಶೋಧಕರಿಂದ ಬರಹದಲ್ಲಿ ಪಡೆಯಿರಿ. ಸ್ಕ್ಯಾನ್ ಮಾಡಿದವರು ಪುಟ ಬಿಟ್ಟಿದ್ದಾರೋ, ಅಂಚು ಕತ್ತರಿಸಿದ್ದಾರೋ ಒಂದೊಂದಾಗಿ ನೋಡಿ. ಬೀರುವಿನಲ್ಲಿ ಗೆದ್ದಲು ಹಿಡಿದ ಲೆಡ್ಜರ್ ಇದ್ದರೆ ಅದನ್ನೇ ಮೊದಲು ಸ್ಕ್ಯಾನಿಗೆ ಕೊಡಿ.