ಬಾಟಲಿ ಉಬ್ಬಿದ್ದೇಕೆ? ‘ಎಲ್ಲ ಕೆಲಸಕ್ಕೂ ಒಂದೇ ದ್ರವ’ದ ಪ್ರಶ್ನೆಗೆ ಉತ್ತರ

ಮೊದಲು ಆ ಬಾಟಲಿಯ ವಿಚಾರ, ಮಿಕ್ಕಿದ್ದು ಆಮೇಲೆ. ಅರ್ಧ ಲೋಟ ಬ್ಲೀಚ್, ಅರ್ಧ ಲೋಟ ವಿನೆಗರ್, ಎರಡು ಚಮಚ ಅಡುಗೆ ಸೋಡಾ, ಸ್ವಲ್ಪ ಪಾತ್ರೆ ತೊಳೆಯುವ ದ್ರವ, ಮೇಲಿಂದ ಮೂರು ತಿಂಗಳು ಹುದುಗಿಸಿದ ಹಣ್ಣಿನ ಸಿಪ್ಪೆಯ ನೀರು. ಮನೆಯ ಎಲ್ಲ ತೊಳೆಯುವ ಕೆಲಸಕ್ಕೂ ಒಂದೇ ದ್ರವ ಸಾಕೆಂದು ಇಷ್ಟನ್ನೂ ಒಂದೇ ಬಾಟಲಿಗೆ ತುಂಬಿದ್ದೀರಿ. ಬಾಟಲಿ ಉಬ್ಬಿದೆ, ಮುಚ್ಚಳ ಸಡಿಲಿಸಿದಾಗ ಕಣ್ಣು ಉರಿದಿದೆ, ‘ಇದು ಹೊಸ ಆವಿಷ್ಕಾರ ಎನ್ನಬಹುದೇ’ ಎಂದು ಕೇಳಿದ್ದೀರಿ. ಕಣ್ಣು ಉರಿಸಿದ್ದು ಕ್ಲೋರಿನ್ ಅನಿಲ. ದಯವಿಟ್ಟು ಇನ್ನೊಮ್ಮೆ ಮೂಸಿ ನೋಡಬೇಡಿ.

ಬಾಟಲಿಯನ್ನು ಅಲುಗಾಡಿಸದೆ ಬಯಲಿಗೆ ಒಯ್ಯಿರಿ. ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಮುಖ ದೂರವಿಟ್ಟು, ಗಾಳಿ ನಿಮ್ಮಿಂದ ಆಚೆಗೆ ಬೀಸುವಂತೆ ನಿಂತು, ಮುಚ್ಚಳವನ್ನು ನಿಧಾನವಾಗಿ ಸಡಿಲಿಸಿ. ಹಾಗೇ ಬಿಟ್ಟು ಬನ್ನಿ. ‘ಸರಿಪಡಿಸಲು’ ಎಂದು ಇನ್ನೇನನ್ನೂ ಸುರಿಯಬೇಡಿ. ಘಾಟು ಪೂರ್ತಿ ಇಳಿದ ಮೇಲೆ ಧಾರಾಳ ನೀರಿನೊಂದಿಗೆ ಸ್ವಲ್ಪ ಸ್ವಲ್ಪವೇ ಚರಂಡಿಗೆ ಬಿಡಿ. ಅದೇ ಹೊತ್ತಿಗೆ ಅಲ್ಲಿಗೆ ಆಮ್ಲವಿರುವ ಶೌಚಾಲಯದ ಕ್ಲೀನರ್ ಹೋಗಿರಬಾರದು. ಕೆಮ್ಮು, ಎದೆ ಬಿಗಿತ, ಉಸಿರಿನ ತೊಂದರೆ ಇದ್ದರೆ ಈ ಉತ್ತರ ಓದುವುದನ್ನು ಇಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಈಗ ಆವಿಷ್ಕಾರದ ಮಾತು. ನಿಮ್ಮ ಉತ್ಸಾಹಕ್ಕೆ ತಣ್ಣೀರು ಎರಚುವ ಆಸೆ ನನಗಿಲ್ಲ. ಹನ್ನೆರಡು ವರ್ಷದಿಂದ ಮನೆಯಲ್ಲಿ ಸಾಬೂನು ಮಾಡುತ್ತಿದ್ದೇನೆ, ಇಂಥ ಹುಚ್ಚು ನನಗೂ ಹಿಡಿದಿತ್ತು. ಆದರೆ ತೊಳೆಯುವ ವಸ್ತುಗಳ ಇನ್ನೂರು ವರ್ಷಗಳ ಕಥೆ ನೋಡಿದರೆ, ದೊಡ್ಡ ಆವಿಷ್ಕಾರಗಳಲ್ಲಿ ಬಹುಪಾಲು ಬೆರೆಸಿದ್ದರಿಂದ ಆದವಲ್ಲ. ಪರಸ್ಪರ ಸೇರಬಾರದವನ್ನು ಬೇಕಾದ ಗಳಿಗೆಯವರೆಗೆ ಬೇರೆಯಾಗಿ ಇಡುವ ಉಪಾಯ ಹೊಳೆದದ್ದರಿಂದ ಆದವು.

ಬ್ಲೀಚನ್ನೇ ನೋಡಿ. 1774ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಕ್ಲೋರಿನ್ ಅನಿಲವನ್ನು ಪಡೆದ. ಅದು ಬಟ್ಟೆಯನ್ನು ಬೆಳ್ಳಗಾಗಿಸುತ್ತದೆ ಎಂದು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಬರ್ತೊಲೆ ತೋರಿಸಿದ. ಆದರೆ ಅನಿಲವನ್ನು ಹೊತ್ತು ತಿರುಗುವುದು ಯಾರಿಂದಾದೀತು? 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ ಅದನ್ನು ಸುಣ್ಣದಲ್ಲಿ ಹಿಡಿದಿಟ್ಟು ಪುಡಿ ಮಾಡಿ ಪೇಟೆಂಟ್ ಪಡೆದ. ಅದೇ ಬ್ಲೀಚಿಂಗ್ ಪೌಡರ್. ಇಂದಿನ ಬಾಟಲಿ ಬ್ಲೀಚಿನಲ್ಲಿರುವ ಸೋಡಿಯಂ ಹೈಪೋಕ್ಲೋರೈಟ್‌ನಲ್ಲೂ ಇದೇ ಯುಕ್ತಿ: ಕ್ಷಾರ ಬೀಗದಂತೆ ಕೂತು ಕ್ಲೋರಿನ್ನನ್ನು ದ್ರವದಲ್ಲೇ ಹಿಡಿದಿರುತ್ತದೆ. ಆಮ್ಲ ಹಾಕಿದಿರೋ, ಬೀಗ ತೆಗೆದಿರಿ ಎಂದೇ ಅರ್ಥ. ನೀವು ಹಾಕಿದ್ದು ಒಂದಲ್ಲ, ಎರಡು ಆಮ್ಲ. ಸಿಪ್ಪೆಯ ನೀರೂ ಹುಳಿಯೇ. ಅಂದ ಹಾಗೆ, ಆ ನೀರನ್ನು ‘ಕಿಣ್ವದ ದ್ರವ’ (ಕಿಣ್ವ ಅಂದರೆ ಎಂಜೈಮ್, ಕಲೆಯನ್ನು ಒಡೆಯುವ ಪ್ರೋಟೀನ್) ಎಂದು ಎಷ್ಟೇ ಹೊಗಳಿದರೂ ಅದು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ಹುಳಿಯದ್ದೇ ಎಂಬುದು ನನ್ನ ಅಭಿಪ್ರಾಯ. ಜಗಳಕ್ಕೆ ಬರುವವರಿಗೆ ಸ್ವಾಗತವಿದೆ.

ಸ್ವಲ್ಪ ಆಮ್ಲ ಬಿದ್ದರೆ ಬ್ಲೀಚ್ ಇನ್ನೂ ಚುರುಕಾಗುತ್ತದೆ ಎಂದು ಎಲ್ಲೋ ಓದಿದ್ದಾಗಿ ಬರೆದಿದ್ದೀರಿ. ಅದು ಸುಳ್ಳಲ್ಲ. ಕ್ಷಾರ ತಗ್ಗಿದಾಗ ಹುಟ್ಟುವ ಹೈಪೋಕ್ಲೋರಸ್ ಆಮ್ಲ ಸೂಕ್ಷ್ಮಜೀವಿಗಳನ್ನು ಹೆಚ್ಚು ಬೇಗ ಕೊಲ್ಲುತ್ತದೆ. ಆದರೆ ಇನ್ನಷ್ಟು ಹುಳಿ ಸೇರಿದರೆ ಅಲ್ಲಿಂದ ಮುಂದಿನದು ಕ್ಲೋರಿನ್ ಅನಿಲವೇ. ಅಳತೆಯ ಸಲಕರಣೆ ಇಲ್ಲದೆ ಚಮಚದ ಲೆಕ್ಕದಲ್ಲಿ ಆ ನಡುವಿನ ಜಾಗದಲ್ಲಿ ನಿಲ್ಲಲು ಆಗುವುದಿಲ್ಲ. ಅಮೋನಿಯಾ ಇರುವ ಗಾಜಿನ ಕ್ಲೀನರ್ ಜೊತೆಗೂ ಬ್ಲೀಚ್ ಬೇಡ, ಅಲ್ಲಿ ಹುಟ್ಟುವ ಕ್ಲೋರಮೈನ್ ಕೂಡ ಶ್ವಾಸಕೋಶಕ್ಕೆ ಅಷ್ಟೇ ಕೆಟ್ಟದ್ದು.

ಇನ್ನು ಅಡುಗೆ ಸೋಡಾ ಮತ್ತು ವಿನೆಗರ್. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸುತ್ತದೆ. ಬುರಬುರನೆ ಏಳುವ ಗುಳ್ಳೆ ಇಂಗಾಲದ ಡೈಆಕ್ಸೈಡ್. ನಿಮ್ಮ ಬಾಟಲಿ ಉಬ್ಬಲು ಅದೂ ಕಾರಣ. ಗುಳ್ಳೆ ಇಳಿದ ಮೇಲೆ ಉಳಿಯುವುದು ಸೋಡಿಯಂ ಅಸಿಟೇಟ್ ಕರಗಿದ ನೀರು. ಅದರಲ್ಲಿ ಜಿಡ್ಡೂ ಹೋಗುವುದಿಲ್ಲ, ಸುಣ್ಣದ ಕಲೆಯೂ ಹೋಗುವುದಿಲ್ಲ.

ನನ್ನದೂ ಒಂದು ಬಾಟಲಿ ಉಬ್ಬಿತ್ತು, ಹೇಳಿಯೇ ಬಿಡುತ್ತೇನೆ. ಸೋಡಿಯಂ ಪರ್ಕಾರ್ಬನೇಟ್ ಪುಡಿ ಗೊತ್ತಲ್ಲ, ‘ಆಮ್ಲಜನಕದ ಬ್ಲೀಚ್’ ಎಂದು ಮಾರುತ್ತಾರೆ. ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ ಆದ ಹರಳು ಅದು. ಪ್ರತಿ ಸಲ ಕರಗಿಸುವ ಸೋಮಾರಿತನಕ್ಕೆ ಒಮ್ಮೆಗೇ ನೀರಿನಲ್ಲಿ ಕಲಸಿ, ಸಿಂಪಡಿಸುವ ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ ಕಪಾಟಿನಲ್ಲಿಟ್ಟೆ. ನಡುರಾತ್ರಿ ‘ಢಬ್’ ಎಂದಿತು. ಬೆಳಿಗ್ಗೆ ನೋಡಿದರೆ ಕಪಾಟಿನ ಒಳಗೋಡೆ ಮಾತ್ರ ಹಿಂದೆಂದೂ ಇಲ್ಲದಷ್ಟು ಬೆಳ್ಳಗಿತ್ತು.

ಆಮೇಲೆ ಓದಿದಾಗ ತಿಳಿಯಿತು, ಆ ಪುಡಿ ಪುಡಿಯಾಗಿಯೇ ಇರುವುದರ ಹಿಂದೆ ಬುದ್ಧಿವಂತಿಕೆ ಇದೆ ಎಂದು. 1818ರಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ತೆನಾರ್ ಹೈಡ್ರೋಜನ್ ಪೆರಾಕ್ಸೈಡ್ ತಯಾರಿಸಿದ. ಆದರೆ ಕ್ಷಾರದ ಜೊತೆ ಸೇರಿದರೆ ಅದು ಒಡೆದು ಆಮ್ಲಜನಕ ಬಿಟ್ಟುಬಿಡುತ್ತದೆ. ಒಣ ಹರಳಾಗಿ ಕಟ್ಟಿಟ್ಟರೆ ನೀರು ಬೀಳುವವರೆಗೆ ತೆಪ್ಪಗಿರುತ್ತದೆ. 1907ರಲ್ಲಿ ಜರ್ಮನಿಯ ಹೆಂಕೆಲ್ ಕಂಪನಿ ಪರ್ಬೊರೇಟ್ (ನೀರಿಗೆ ಬಿದ್ದಾಗ ಪೆರಾಕ್ಸೈಡ್ ಬಿಡುವ ಇನ್ನೊಂದು ಒಣ ಪುಡಿ) ಮತ್ತು ಸಿಲಿಕೇಟ್ ಸೇರಿಸಿ ಪರ್ಸಿಲ್ ಎಂಬ ಬಟ್ಟೆ ಒಗೆಯುವ ಪುಡಿಯನ್ನು ತಂದಿತು. ಆ ಎರಡು ಹೆಸರುಗಳ ಮೊದಲ ಅಕ್ಷರಗಳನ್ನು ಜೋಡಿಸಿಯೇ ಅದಕ್ಕೆ ಹೆಸರಿಟ್ಟರು. ಪರ್ಬೊರೇಟ್‌ಗೆ ಒಂದು ಕೊರತೆಯಿತ್ತು, ನೀರು ಚೆನ್ನಾಗಿ ಕಾಯಬೇಕು. ಅದಕ್ಕೆ ಮುಂದೆ ಟಿಎಇಡಿ ಎಂಬ ಚುರುಕುಕಾರಿ ಬಂತು. ಅದೂ ಒಣಗಿಯೇ ಕೂತಿದ್ದು, ನೀರಿಗೆ ಬಿದ್ದಾಗ ಪೆರಾಕ್ಸೈಡ್ ಜೊತೆ ಸೇರಿ 40 ಡಿಗ್ರಿಯಲ್ಲೂ ಕಲೆ ತೆಗೆಯುವ ಪೆರಾಸಿಟಿಕ್ ಆಮ್ಲವಾಗುತ್ತದೆ. ಹಾಗೆಂದು ನೀವು ಪರ್ಕಾರ್ಬನೇಟ್‌ಗೆ ವಿನೆಗರ್ ಸುರಿದು ಪ್ರಯೋಗಕ್ಕೆ ಇಳಿಯಬೇಡಿ, ಗಾಢವಾದರೆ ಪೆರಾಸಿಟಿಕ್ ಆಮ್ಲ ಕಣ್ಣು, ಗಂಟಲು ಸುಡುತ್ತದೆ.

ಕಿಣ್ವಗಳ ಕಥೆ ನನಗೆ ಎಲ್ಲಕ್ಕಿಂತ ಪ್ರಿಯ. 1913ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಒಟ್ಟೊ ರೋಮ್ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಬಟ್ಟೆ ತೊಳೆಯಲು ಬಳಸುವ ಪೇಟೆಂಟ್ ಪಡೆದ. ಕಲೆಯನ್ನು ಹೊಟ್ಟೆಯಲ್ಲಿ ಅರಗಿಸಿದಂತೆ ಅರಗಿಸುವ ಯೋಚನೆ! ಆದರೆ ಒಗೆಯುವ ಸೋಡಾದ ಕ್ಷಾರದಲ್ಲಿ ಆ ಕಿಣ್ವ ಬಾಳುತ್ತಿರಲಿಲ್ಲ. 1960ರ ದಶಕದಲ್ಲಿ ಕ್ಷಾರ ತಾಳುವ ಬ್ಯಾಕ್ಟೀರಿಯಾದ ಕಿಣ್ವಗಳು ಬಂದವು. ಜೊತೆಗೆ ಹೊಸ ಪೀಡೆಯೂ ಬಂತು. ಕಿಣ್ವದ ಧೂಳು ಉಸಿರಾಡಿದ ಕಾರ್ಖಾನೆಯ ಕೆಲಸಗಾರರಿಗೆ ಅಲರ್ಜಿ, ಉಬ್ಬಸ ಶುರುವಾಯಿತು. ಕಿಣ್ವವನ್ನು ಸಣ್ಣ ಕಾಳಿನೊಳಗಿಟ್ಟು ಮೇಲೆ ಲೇಪ ಕೊಟ್ಟಾಗ ಧೂಳು ಏಳುವುದು ತಗ್ಗಿತು. ದ್ರವ ಡಿಟರ್ಜೆಂಟಿನಲ್ಲಿ ಇನ್ನೂ ಸೊಗಸಾದ ಉಪಾಯವಿದೆ: ಬೋರೇಟ್ ಎಂಬ ಲವಣ ಕಿಣ್ವವನ್ನು ನಿದ್ದೆಯಲ್ಲಿಟ್ಟಿರುತ್ತದೆ, ಬಕೆಟ್ ನೀರಿನಲ್ಲಿ ತೆಳುವಾದಾಗ ಹಿಡಿತ ತಪ್ಪಿ ಕಿಣ್ವ ಎಚ್ಚರಗೊಳ್ಳುತ್ತದೆ.

ಇದರಿಂದ ನಮಗೆ ಸಿಗುವ ಪಾಠ ಸರಳ. ಕಿಣ್ವವಿರುವ ಡಿಟರ್ಜೆಂಟಿಗೆ ಕ್ಲೋರಿನ್ ಬ್ಲೀಚ್ ಸೇರಿಸಿದರೆ ಕಿಣ್ವಕ್ಕೆ ಕೊಟ್ಟ ಹಣ ನೀರುಪಾಲು. ರಕ್ತ, ಹಾಲು, ಮೊಟ್ಟೆಯ ಕಲೆಯನ್ನು ಮೊದಲೇ ಬಿಸಿನೀರಿಗೆ ಹಾಕಬೇಡಿ, ಪ್ರೋಟೀನ್ ಬೆಂದು ನೂಲಿಗೆ ಅಂಟುತ್ತದೆ. ತಣ್ಣೀರಲ್ಲಿ ಜಾಲಿಸಿ, ಉಗುರುಬೆಚ್ಚಗಿನ ಕಿಣ್ವದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಉಣ್ಣೆ ಮತ್ತು ರೇಷ್ಮೆ ಕೂಡ ಪ್ರೋಟೀನೇ ಆದ್ದರಿಂದ ಅವುಗಳಿಗೆ ಇದು ಬೇಡ. ಕ್ಲೋರಿನ್ ಬ್ಲೀಚ್ ಅಂತೂ ಬೇಡವೇ ಬೇಡ, ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ.

ಮನೆಯಲ್ಲಿ ಮಾಡಿದ ಸಾಬೂನಿನಿಂದ ಬಟ್ಟೆ ಒಗೆಯಬಹುದೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ, ಸಾಬೂನು ಮಾಡುವವನಾಗಿಯೇ ಹೇಳುತ್ತೇನೆ: ಗಡಸು ನೀರಿದ್ದರೆ ಬೇಡ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನನ್ನು ಬೂದು ಗಸಿಯಾಗಿಸಿ ಬಟ್ಟೆಗೆ ಮೆತ್ತುತ್ತವೆ. 1946ರಲ್ಲಿ ಬಂದ ಟೈಡ್ ಡಿಟರ್ಜೆಂಟ್ ಗೆದ್ದದ್ದು ಇಲ್ಲಿಯೇ. ಅದರ ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಆ ಫಾಸ್ಫೇಟ್ ಕೆರೆಗಳಲ್ಲಿ ಪಾಚಿ ಬೆಳೆಸಿದ್ದರಿಂದ ಮುಂದೆ ಹಲವೆಡೆ ಜಿಯೊಲೈಟ್ ಎಂಬ ಖನಿಜದ ಪುಡಿ ಆ ಜಾಗಕ್ಕೆ ಬಂತು. ಸಾಬೂನೇ ಬೇಕೆಂದರೆ ನೀರಿಗೆ ಮೊದಲು ವಾಷಿಂಗ್ ಸೋಡಾ ಹಾಕಿ ಕರಗಿಸಿ, ಆಮೇಲೆ ಸಾಬೂನು. ಸಾಬೂನಿನ ನೀರಿಗೆ ವಿನೆಗರ್ ಮಾತ್ರ ಸೇರಿಸಬೇಡಿ, ಹಾಲು ಒಡೆದಂತೆ ಒಡೆದು ಕೊಬ್ಬು ಮೇಲೆ ತೇಲುತ್ತದೆ.

ಸೋಂಕು ನಿವಾರಣೆಗೆ ಬರುತ್ತೇನೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ ಅಲ್ಲಿನ ವೈದ್ಯರ ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆಸಿ ಬಾಣಂತಿಯರ ಸಾವನ್ನು ತಗ್ಗಿಸಿದ. ಅದೇ ವಸ್ತು ಇಂದು ನಮ್ಮ ಕೈಯಲ್ಲಿದ್ದರೂ ಕೊಳೆಯ ಮೇಲೆಯೇ ಸುರಿದು ಹಾಳುಮಾಡುತ್ತೇವೆ. ಕೊಳೆಯೇ ಬ್ಲೀಚನ್ನು ತಿಂದುಹಾಕುತ್ತದೆ. ಮೊದಲು ಡಿಟರ್ಜೆಂಟಿನಿಂದ ಉಜ್ಜಿ, ನೀರಿನಿಂದ ತೊಳೆಯಿರಿ. ಆಮೇಲೆ ಬ್ಲೀಚ್ ನೀರು. 5 ಶೇಕಡಾ ಬ್ಲೀಚ್ ಆದರೆ 20 ಮಿಲಿಲೀಟರಿಗೆ 980 ಮಿಲಿಲೀಟರ್ ತಣ್ಣೀರು, ಅಂದರೆ 0.1 ಶೇಕಡಾ. ಹತ್ತು ನಿಮಿಷ ಜಾಗ ಒದ್ದೆಯಾಗಿಯೇ ಇರಲಿ. ಸವರಿ ತಕ್ಷಣ ಒರೆಸಿದರೆ ವಾಸನೆ ಬರುತ್ತದೆ, ಕೆಲಸ ಆಗುವುದಿಲ್ಲ. ಕಲಸಿದ್ದನ್ನು ಅಂದೇ ಮುಗಿಸಿ. ಮೂಲ ಬಾಟಲಿಯೂ ಬಿಸಿಲು ಮತ್ತು ಸೆಕೆಯಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಕತ್ತಲೆಯ ತಂಪು ಜಾಗದಲ್ಲಿಡಿ.

ಬೆನ್ಜಾಲ್ಕೋನಿಯಂ ಕ್ಲೋರೈಡ್ ಎಂಬ ಸೋಂಕುನಾಶಕ ಇರುವ ನೆಲ ಒರೆಸುವ ದ್ರವ ಬಳಸುವವರು ಗಮನಿಸಿ. ಅದು ಧನ ವಿದ್ಯುದಂಶದ್ದು, ಸಾಬೂನು ಋಣದ್ದು. ಸಾಬೂನು ನೀರು ಉಳಿದ ನೆಲದ ಮೇಲೆ ಹಾಕಿದರೆ ಎರಡೂ ಒಂದನ್ನೊಂದು ಹಿಡಿದುಕೊಂಡು ನಿಷ್ಪ್ರಯೋಜಕವಾಗುತ್ತವೆ. ನಡುವೆ ಒಮ್ಮೆ ಬರೀ ನೀರಿನಲ್ಲಿ ಒರೆಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ಬಾಟಲಿಯ ಆಸೆ ಬಿಟ್ಟು ಮೂರು ಇಟ್ಟುಕೊಳ್ಳುತ್ತೇನೆ. ಜಿಡ್ಡಿಗೆ, ತೆಳು ಮಾಡಿದ ಪಾತ್ರೆ ತೊಳೆಯುವ ದ್ರವ. ನಲ್ಲಿ, ಕೆಟಲ್‌ಗಳ ಸುಣ್ಣದ ಕಲೆಗೆ, ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಮ್ಲ. ಅಮೃತಶಿಲೆಗೆ ಇದನ್ನು ಮುಟ್ಟಿಸಬೇಡಿ, ಹೊಳಪು ಹೋಗುತ್ತದೆ. ಮೂರನೆಯದು ಬಾಟಲಿಯೇ ಅಲ್ಲ, ಒಣ ಡಬ್ಬಿಯಲ್ಲಿ ಪರ್ಕಾರ್ಬನೇಟ್: ಬಿಳಿ ಹತ್ತಿ ಬಟ್ಟೆಗೆ ಲೀಟರ್ ಬಿಸಿನೀರಿಗೆ ಒಂದು ದೊಡ್ಡ ಚಮಚ, ತೆರೆದ ಬಕೆಟಿನಲ್ಲಿ, ಎರಡು ಗಂಟೆ. ಬ್ಲೀಚ್ ಅದು ಬಂದ ಬಾಟಲಿಯಲ್ಲೇ ಇರಲಿ, ಕುಡಿಯುವ ನೀರಿನ ಬಾಟಲಿಗೆ ಎಂದೂ ಸುರಿಯಬೇಡಿ. ಎಲ್ಲದರ ಮೇಲೂ ಹೆಸರು, ತಾರೀಖು ಬರೆಯಿರಿ.

ಕೆಳಗೆ ಇನ್ನೊಬ್ಬರು ಟವೆಲ್ ನೀರು ಹೀರುತ್ತಿಲ್ಲ ಎಂದಿದ್ದಾರೆ. ಬಟ್ಟೆ ಮೃದುಗೊಳಿಸುವ ದ್ರವ ನೂಲಿನ ಮೇಲೆ ಜಿಡ್ಡಿನಂಥ ಪದರ ಬಿಡುತ್ತದೆ. ಟವೆಲ್‌ಗೆ ಅದನ್ನು ನಿಲ್ಲಿಸಿ. ಇತರ ಬಟ್ಟೆಗೆ ಹಾಕುವುದಿದ್ದರೂ ಕೊನೆಯ ಜಾಲಾಟದಲ್ಲಿ ಮಾತ್ರ, ಡಿಟರ್ಜೆಂಟಿನ ಜೊತೆಗಲ್ಲ. ಯಂತ್ರದಲ್ಲಿ ಅದಕ್ಕೆ ಬೇರೆ ಖಾನೆ ಇರುವುದೇ ಅದಕ್ಕಾಗಿ. ಟವೆಲ್‌ಗಳನ್ನು ಎರಡು ಸಲ ಬಿಸಿನೀರಿನಲ್ಲಿ, ಎಂದಿನ ಅರ್ಧದಷ್ಟು ಡಿಟರ್ಜೆಂಟ್ ಹಾಕಿ ಒಗೆಯಿರಿ. ಆಗಲೂ ಹೀರದಿದ್ದರೆ ನಿಮ್ಮ ನೀರಿನ ಗಡಸುತನ ಎಷ್ಟೆಂದು ಬರೆಯಿರಿ, ನೋಡೋಣ.