ಬಾರ್ ನೋಡುವ ಮೊದಲು ನಲ್ಲಿಯ ನೀರು ಅಳೆಯಿರಿ

ಮನೆಯಲ್ಲೇ ಕಾರು ತೊಳೆಯಲು ಪ್ರೆಶರ್ ವಾಷರ್ ಕೊಳ್ಳುವ ಬಗ್ಗೆ, ಕೊಂಡ ಮೇಲೆ ಎದುರಾದ ತೊಂದರೆಗಳ ಬಗ್ಗೆ ಕರಾವಳಿಯ ಓದುಗರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನದು ಸಣ್ಣ ಕಾರು. ಆನ್‌ಲೈನ್‌ನಲ್ಲಿ 1400 ವ್ಯಾಟ್, 180 ಬಾರ್ ಒತ್ತಡ, ನಿಮಿಷಕ್ಕೆ 8 ಲೀಟರ್ ನೀರು ಎಂದು ಬರೆದ ಮೆಷಿನ್ ಕಡಿಮೆ ಬೆಲೆಗೆ ಇದೆ. ಹೆಸರಾಂತ ಕಂಪೆನಿಯದ್ದಕ್ಕೆ ಹೆಚ್ಚು ಬೆಲೆ, ಆದರೆ 110 ಬಾರ್ ಮಾತ್ರ. ಯಾವುದನ್ನು ತೆಗೆದುಕೊಳ್ಳಲಿ?
— ಓದುಗರು, ಸುರತ್ಕಲ್

ಉತ್ತರ: 180 ಬಾರ್‌ನದ್ದನ್ನು ಬಿಡಿ. ಆ ಮೂರು ಅಂಕಿಗಳೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಬಾರ್ ಅನ್ನು ನಿಮಿಷಕ್ಕೆ ಬರುವ ಲೀಟರ್‌ನಿಂದ ಗುಣಿಸಿ 600ರಿಂದ ಭಾಗಿಸಿ. ನೀರಿಗೆ ಸಿಗುವ ಶಕ್ತಿ ಕಿಲೋವ್ಯಾಟ್‌ನಲ್ಲಿ ಬರುತ್ತದೆ. 180 × 8 ÷ 600 ಅಂದರೆ 2.4 ಕಿಲೋವ್ಯಾಟ್. ಲೈನಿನಿಂದ 1.4 ಎಳೆಯುವ ಮೆಷಿನ್ 2.4 ಕೊಡುವುದು ಹೇಗೆ? ಕಾರ್ಚರ್ ಕೆ2ನಂಥ ಮೆಷಿನ್‌ನ ಅಂಕಿ ಇದೇ ಲೆಕ್ಕಕ್ಕೆ ಕೂರುತ್ತದೆ: 1400 ವ್ಯಾಟ್, ಗರಿಷ್ಠ 110 ಬಾರ್, ಗಂಟೆಗೆ 360 ಲೀಟರ್ ಎಂದರೆ ನಿಮಿಷಕ್ಕೆ 6. ಗುಣಿಸಿ ಭಾಗಿಸಿದರೆ 1.1 ಕಿಲೋವ್ಯಾಟ್. ಗರಿಷ್ಠ ಒತ್ತಡ, ಗರಿಷ್ಠ ನೀರು ಎರಡೂ ಒಂದೇ ಹೊತ್ತಿನಲ್ಲಿ ಸಿಗುವುದಿಲ್ಲವಾದ್ದರಿಂದ ಕೆಲಸ ಮಾಡುವಾಗಿನ ಅಂಕಿ ಇನ್ನೂ ಸ್ವಲ್ಪ ಕೆಳಗೇ ಇರುತ್ತದೆ. ಅಂಗಡಿಯಲ್ಲಾದರೆ ಡಬ್ಬದ ಮೇಲಿನ ದೊಡ್ಡಕ್ಷರ ಬಿಟ್ಟು, ಮೆಷಿನ್‌ನ ಮೈಗೆ ಅಂಟಿಸಿದ ಪಟ್ಟಿ ಓದಿ. ಅದರಲ್ಲಿ ಕೆಲಸದ ಒತ್ತಡ, ಗರಿಷ್ಠ ಒತ್ತಡ ಎಂದು ಎರಡು ಅಂಕಿ ಇರುತ್ತವೆ. ಹೋಲಿಸಬೇಕಾದದ್ದು ಮೊದಲನೆಯದನ್ನು.

ಕಾರಿಗೆ 70ರಿಂದ 100 ಬಾರ್ ಧಾರಾಳ ಸಾಕು. ಕೊಳೆಯನ್ನು ಸಡಿಲಗೊಳಿಸುವುದು ಒತ್ತಡವಾದರೂ ಅದನ್ನು ಹೊತ್ತೊಯ್ಯುವುದು ನೀರಿನ ಪ್ರಮಾಣ. ಹಾಗಾಗಿ ಎರಡು ಮೆಷಿನ್‌ಗಳ ನಡುವೆ ತೂಗಿ ನೋಡುವಾಗ 20 ಬಾರ್ ಹೆಚ್ಚಿರುವುದಕ್ಕಿಂತ ನಿಮಿಷಕ್ಕೆ ಒಂದು ಲೀಟರ್ ಹೆಚ್ಚಿರುವುದು ಮೇಲು. ಉಳಿದಂತೆ ನೋಡಬೇಕಾದದ್ದು ಪೈಪು ಮತ್ತು ಗನ್. ಐದು ಮೀಟರ್‌ಗಿಂತ ಗಿಡ್ಡ ಪೈಪಾದರೆ ಕಾರಿನ ಸುತ್ತ ಮೆಷಿನ್ ಎಳೆದಾಡಬೇಕಾಗುತ್ತದೆ. ಎಂಟು ಮೀಟರ್ ಇದ್ದರೆ ಒಂದೇ ಜಾಗದಲ್ಲಿಟ್ಟು ಮುಗಿಸಬಹುದು. ಗಟ್ಟಿ ಪ್ಲಾಸ್ಟಿಕ್ ಪೈಪು ಸುರುಳಿ ಬಿಡುವುದಿಲ್ಲ, ಮಡಿಕೆ ಬಿದ್ದಲ್ಲೇ ಒಡೆಯುತ್ತದೆ. ಬದಲಿ ಪೈಪು ಕೊಳ್ಳುವವರಿಗೆ ಒಂದು ಎಚ್ಚರಿಕೆ: ಪೈಪು ಜೋಡಿಸುವ ಎಂ22 ಕಪ್ಲಿಂಗ್‌ನಲ್ಲಿ ಒಳಗಿನ ಕಡ್ಡಿ 14 ಮಿ.ಮೀ.ನದ್ದೂ ಇದೆ, 15 ಮಿ.ಮೀ.ನದ್ದೂ ಇದೆ. ಹೊರಗಿನ ತಿರುಪು ಒಂದೇ ಆದ್ದರಿಂದ ಸರಿಯಾಗಿ ಕೂತಂತೆ ಕಾಣುತ್ತದೆ, ನೀರು ಬಿಟ್ಟ ಕೂಡಲೇ ಸೋರುತ್ತದೆ. ಹಳೆಯ ಪೈಪಿನ ತುದಿಯನ್ನು ಅಂಗಡಿಗೇ ಒಯ್ಯಿರಿ.

ಮಂಗಳೂರಿನಲ್ಲೋ ಉಡುಪಿಯಲ್ಲೋ ರಿಪೇರಿ ಮಾಡುವವರಿದ್ದಾರೆಯೇ, ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಮತ್ತು ಪಂಪಿನ ಸೀಲ್ ಸಿಗುತ್ತವೆಯೇ ಎಂದು ದುಡ್ಡು ಕೊಡುವ ಮೊದಲೇ ಕೇಳಿ. ಮೊದಲು ಹೋಗುವುದು ಅವೇ.

ಪ್ರಶ್ನೆ: ನಮ್ಮಲ್ಲಿ ಬಾವಿ ನೀರು. ಟೆರೇಸಿನ ಟ್ಯಾಂಕಿನಿಂದ ಅಂಗಳದ ನಲ್ಲಿಗೆ ಬರುತ್ತದೆ, ಆದರೆ ಜೋರಿಲ್ಲ. ವಾಷರ್ ನಡೆಯುತ್ತದೆಯೇ? ನೇರ ಬಾವಿಯಿಂದಲೇ ಎಳೆಯುವಂತೆ ಮಾಡಬಹುದೇ?
— ಓದುಗರು, ಕಾಪು

ಉತ್ತರ: ಜೋರು ಬೇಡ, ಪ್ರಮಾಣ ಬೇಕು. ನಲ್ಲಿ ಪೂರ್ತಿ ತಿರುಗಿಸಿ, ಮೆಷಿನ್‌ಗೆ ಹಾಕಲಿರುವ ಪೈಪಿನ ತುದಿಯಿಂದಲೇ 10 ಲೀಟರ್‌ನ ಬಕೆಟ್ ತುಂಬಿಸಿ, ಮೊಬೈಲಿನಲ್ಲಿ ಹೊತ್ತು ನೋಡಿ. ಒಂದು ನಿಮಿಷದೊಳಗೆ ತುಂಬಿದರೆ 6–7 ಲೀಟರ್‌ನ ಮೆಷಿನ್ ನಿಶ್ಚಿಂತೆಯಿಂದ ನಡೆಯುತ್ತದೆ. ಒಂದೂವರೆ ನಿಮಿಷ ಹಿಡಿದರೆ ನಲ್ಲಿ ಕೊಡುವುದೂ ಮೆಷಿನ್ ಕೇಳುವುದೂ ಹೆಚ್ಚುಕಡಿಮೆ ಒಂದೇ. ಫಿಲ್ಟರಿಗೆ ಸ್ವಲ್ಪ ಕಸ ಕೂತರೂ ಪಂಪು ಗಾಳಿ ಎಳೆಯುತ್ತದೆ. ಆಗ ಗನ್ನಿನಲ್ಲಿ ನೀರು ಬಿಟ್ಟು ಬಿಟ್ಟು ಬರುತ್ತದೆ, ಮೆಷಿನ್‌ನ ಸದ್ದು ಏರಿಳಿಯುತ್ತದೆ. ಮೆಷಿನ್ ಹಾಳಾಗಿದೆ ಎಂದು ಅಂಗಡಿಗೆ ಹಿಂದೆ ಹೋಗುವ ಎಷ್ಟೋ ದೂರುಗಳ ಮೂಲ ಇದು.

ಒಂದಂತಸ್ತಿನ ಮನೆಯ ಟ್ಯಾಂಕು ನಲ್ಲಿಗಿಂತ ನಾಲ್ಕು ಮೀಟರ್ ಮೇಲಿದ್ದರೆ ಸಿಗುವ ಒತ್ತಡ 0.4 ಬಾರ್ ಅಷ್ಟೇ. ಅದರ ಮಧ್ಯೆ ಸಪೂರ ಪೈಪು, ಅರ್ಧ ಮುಚ್ಚಿದ ಗೇಟ್ ವಾಲ್ವ್, ತುಕ್ಕು ಹಿಡಿದ ಬೆಂಡ್ ಇದ್ದರೆ ಇನ್ನೂ ಕಡಿಮೆ. ನಲ್ಲಿಯಿಂದ ಮೆಷಿನ್‌ಗೆ ಹಾಕುವ ಪೈಪು ಅರ್ಧ ಇಂಚಿಗಿಂತ ಸಪೂರ ಇರಬಾರದು. ಮುಕ್ಕಾಲು ಇಂಚಿನದ್ದಾದರೆ ಉತ್ತಮ. ಇಷ್ಟಾದರೂ ಸಾಲದಿದ್ದರೆ ಸೆಲ್ಫ್ ಸಕ್ಷನ್ (ನೀರನ್ನು ತಾನೇ ಎಳೆದುಕೊಳ್ಳುವ ಸೌಲಭ್ಯ) ಇರುವ ಮೆಷಿನ್ ತೆಗೆದುಕೊಂಡು, 60–80 ಲೀಟರ್ ಹಿಡಿಯುವ ಡ್ರಮ್ಮಿನಿಂದ ಎಳೆಸಿ. ನಲ್ಲಿಯನ್ನು ಡ್ರಮ್ಮಿಗೆ ಬಿಟ್ಟಿಡಿ.

ಡ್ರಮ್ಮಿನಿಂದ ಎಳೆಸುವಾಗ ಸಕ್ಷನ್ ಪೈಪನ್ನು ಪೂರ್ತಿ ಡ್ರಮ್ಮಿನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತುದಿಯನ್ನು ಬೆರಳಲ್ಲಿ ಮುಚ್ಚಿ ತಂದು ಮೆಷಿನ್‌ಗೆ ಸಿಕ್ಕಿಸಿ. ಗನ್ನಿನ ಮುಂದಿನ ನಾಝಲ್ ತೆಗೆದಿಟ್ಟು, ಟ್ರಿಗರ್ ಒತ್ತಿ ಹಿಡಿದು ಸ್ವಿಚ್ ಹಾಕಿ. ಅರ್ಧ ನಿಮಿಷದಲ್ಲಿ ಗಾಳಿಯೆಲ್ಲ ಹೋಗಿ ನೀರು ಒಂದೇ ಸಮ ಬರಬೇಕು. ಒಂದು ನಿಮಿಷವಾದರೂ ಬಾರದಿದ್ದರೆ ನಿಲ್ಲಿಸಿ ಮತ್ತೆ ಪೈಪು ತುಂಬಿಸಿ. ಪಂಪಿನ ಸೀಲ್‌ಗಳನ್ನು ತಣ್ಣಗಿಡುವುದು ನೀರೇ. ಒಣಗಿ ಓಡಿದರೆ ಅವು ಸುಟ್ಟುಹೋಗುತ್ತವೆ.

ಬಾವಿಯಿಂದ ನೇರ ಎಳೆಸುವುದು ಆಗದ ಮಾತು. ಈ ಪಂಪುಗಳು ಮೇಲಕ್ಕೆ ಎಳೆಯುವುದು ಸಾಮಾನ್ಯವಾಗಿ ಅರ್ಧ ಮೀಟರ್. ಹಾಗಾಗಿ ಡ್ರಮ್ಮು ಮೆಷಿನ್‌ನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇರಲಿ.

ಬಾವಿ ನೀರಿನ ಹೊಯಿಗೆಯನ್ನೂ ಮರೆಯಬೇಡಿ. ಮೆಷಿನ್‌ನ ಬಾಯಲ್ಲಿರುವ ಸಣ್ಣ ಜಾಲರಿ ಸಾಲದು; ಅದರ ಹಿಂದೆ ಪಾರದರ್ಶಕ ಕಪ್ ಇರುವ ಫಿಲ್ಟರ್ ಒಂದನ್ನು ಸೇರಿಸಿ. ಕಪ್ಪಿನ ತಳದಲ್ಲಿ ಮಣ್ಣು ಕಂಡಾಗ ತೊಳೆದರಾಯಿತು. ಅಳಿವೆ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಬರುತ್ತದೆ. ಆ ನೀರನ್ನು ಮೆಷಿನ್‌ಗೂ ಬಿಡಬೇಡಿ, ಕಾರಿಗೂ ಬಿಡಬೇಡಿ.

ಪ್ರಶ್ನೆ: ಇಂಡಕ್ಷನ್ ಮೋಟಾರ್‌ನದ್ದೇ ಕೊಳ್ಳಬೇಕು ಎನ್ನುತ್ತಾರೆ. ನಮ್ಮಲ್ಲಿ ಮಳೆಗಾಲದಲ್ಲಿ ವೋಲ್ಟೇಜ್ ತೀರಾ ಇಳಿಯುತ್ತದೆ. ಏನು ಮಾಡಲಿ?
— ಓದುಗರು, ಕಾರ್ಕಳ

ಉತ್ತರ: ವಾರಕ್ಕೊಮ್ಮೆ ಒಂದು ಕಾರು ತೊಳೆಯುವವರಿಗೆ ಕಾರ್ಬನ್ ಬ್ರಶ್ ಇರುವ ಯುನಿವರ್ಸಲ್ ಮೋಟಾರೇ ಸಾಕು. ಹಗುರ, ಅಗ್ಗ, ಗಲಾಟೆ ಮಾತ್ರ ಹೆಚ್ಚು. ಬ್ರಶ್ ಸವೆದರೆ ಬದಲಿಸಬಹುದು. ಇಂಡಕ್ಷನ್ ಮೋಟಾರ್ ಭಾರ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಮನೆಯಲ್ಲಿ ಎರಡು ಮೂರು ವಾಹನಗಳಿದ್ದು, ಅಂಗಳವನ್ನೂ ತೊಳೆಯುವವರಾದರೆ ಅದಕ್ಕೆ ಹಾಕಿದ ದುಡ್ಡು ದಂಡವಲ್ಲ. ಆದರೆ ನೀವು ಹೇಳುವ ವೋಲ್ಟೇಜ್ ತೊಂದರೆ ಹೆಚ್ಚು ಬಾಧಿಸುವುದು ಇಂಡಕ್ಷನ್ ಅನ್ನೇ. ಅದರ ತಿರುಗುಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ: 230ರ ಬದಲು 190 ಇದ್ದರೆ ಬಲ ಮೂರನೇ ಎರಡು ಭಾಗವಷ್ಟೇ. ಗುಂಯ್ ಎನ್ನುತ್ತಾ ತಿರುಗದೆ ನಿಂತರೆ ಎರಡು ಸೆಕೆಂಡಿನಲ್ಲಿ ಸ್ವಿಚ್ ಆರಿಸಿ, ಗನ್ ಒತ್ತಿ ಒಳಗಿನ ಒತ್ತಡ ಬಿಟ್ಟು, ಟ್ರಿಗರ್ ಹಿಡಿದುಕೊಂಡೇ ಮತ್ತೆ ಚಾಲೂ ಮಾಡಿ. ಆಗಲೂ ಏಳದಿದ್ದರೆ ವೋಲ್ಟೇಜ್ ಸರಿಯಾಗುವವರೆಗೆ ಕಾಯಿರಿ.

ಪ್ಲಗ್ ವಿಷಯದಲ್ಲಿ ರಾಜಿ ಬೇಡ. 1400 ವ್ಯಾಟ್ ಎಂದರೆ ಆರು ಆಂಪಿಯರಿಗೂ ಮೇಲೆ. ಫ್ಯಾನು, ಟಿವಿಗೆ ಹಾಕುವ ಸಣ್ಣ ಸಾಕೆಟ್ ಬಿಸಿಯಾಗಿ ಕರಗಬಹುದು. ಗೀಸರಿಗೆ ಹಾಕುವಂಥ 16 ಆಂಪಿಯರ್ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಶನ್ ಅನಿವಾರ್ಯವಾದರೆ 2.5 ಚದರ ಮಿ.ಮೀ.ನ ಮೂರು ತಂತಿಯ ಕೇಬಲ್, ಸುರುಳಿಯನ್ನು ಪೂರ್ತಿ ಬಿಚ್ಚಿ, ಜೋಡಣೆಯನ್ನು ಒದ್ದೆ ನೆಲದಿಂದ ಮೇಲೆತ್ತಿಟ್ಟು ಬಳಸಿ. ಆ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಮೆಷಿನ್‌ಗಿಂತ ಮೊದಲು ಅದನ್ನು ಹಾಕಿಸಿ. ನೀರಿನಲ್ಲಿ ನಿಂತು ಕರೆಂಟಿನ ಕೆಲಸ ಮಾಡುತ್ತಿದ್ದೀರಿ ಎಂಬುದು ನೆನಪಿರಲಿ.

ಪ್ರಶ್ನೆ: ದಿನಾ ಮರವಂತೆ ದಾರಿಯಾಗಿ ಓಡಾಟ. ಕಾರಿನ ಅಡಿಭಾಗವನ್ನು ಪ್ರೆಶರ್ ವಾಷರಿನಲ್ಲಿ ತೊಳೆದರೆ ತುಕ್ಕು ಕಡಿಮೆಯಾಗುತ್ತದೆಯೇ, ಅಥವಾ ಒಳಗೆಲ್ಲ ನೀರು ಹೊಕ್ಕು ಹೆಚ್ಚಾಗುತ್ತದೆಯೇ?
— ಓದುಗರು, ಕುಂದಾಪುರ

ಉತ್ತರ: ಖಂಡಿತ ತೊಳೆಯಿರಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಮಳೆಗಾಲದ ಅಲೆಯ ಉಪ್ಪು ಹನಿ ಗಾಳಿಯಲ್ಲೇ ಬಂದು ಕೂರುತ್ತದೆ. ಗಾಳಿಯ ತೇವಾಂಶ ಶೇ. 75 ದಾಟಿದರೆ ಉಪ್ಪು ತಾನೇ ನೀರೆಳೆದುಕೊಂಡು ಒದ್ದೆಯಾಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಹುಪಾಲು ದಿನ ಅದೇ ಸ್ಥಿತಿ. ಅಂದರೆ ಉಪ್ಪು ಅಂಟಿದ ಕಬ್ಬಿಣ ಒಣಗುವುದೇ ಇಲ್ಲ. ಒಮ್ಮೆ ಸಿಹಿ ನೀರು ಬಿದ್ದು ಉಪ್ಪು ಹೋದರೆ ಅಷ್ಟರ ಮಟ್ಟಿಗೆ ತುಕ್ಕು ತಡವಾಗುತ್ತದೆ.

ಉಪ್ಪಿನ ಜತೆಗಾರ ಕೆಂಪು ಮಣ್ಣು. ಮುಂದಿನ ಚಕ್ರವನ್ನು ಪೂರ್ತಿ ತಿರುಗಿಸಿ, ಮಡ್‌ಗಾರ್ಡಿನ ಅಂಚಿನ ಒಳಮಡಿಕೆಗೆ ಬೆರಳು ಹಾಕಿ ನೋಡಿ. ಪ್ಲಾಸ್ಟಿಕ್ ಲೈನರ್‌ಗೂ ತಗಡಿಗೂ ನಡುವೆ ಮಣ್ಣು, ಎಲೆಚೂರು ಸೇರಿ ಹಸಿ ಹಸಿಯಾಗಿ ಗಟ್ಟಿಕಟ್ಟಿರುತ್ತದೆ. ಹೊರಗೆ ಕಾರು ಫಳಫಳ ಹೊಳೆಯುತ್ತಿದ್ದರೂ ತುಕ್ಕು ಶುರುವಾಗುವುದು ಆ ಮಡಿಕೆಯಲ್ಲಿ. ಮೇಲಿನಿಂದ ಕೆಳಕ್ಕೆ ಓರೆಯಾಗಿ ನೀರು ಹಿಡಿದು, ಬರುವ ನೀರಿನ ಕೆಂಪು ಬಣ್ಣ ಹೋಗುವವರೆಗೆ ಬಿಡಿ. ಒಂದೊಂದು ಚಕ್ರಕ್ಕೆ ಒಂದು ನಿಮಿಷವಾದರೂ ಬೇಕು.

ಅಡಿಭಾಗಕ್ಕೆ ತುದಿ ಬಾಗಿದ ಲ್ಯಾನ್ಸ್ (ಗನ್ನಿಗೆ ಸಿಕ್ಕಿಸುವ ಉದ್ದ ಕೊಳವೆ) ಸಿಗುತ್ತದೆ, ಅದನ್ನು ಕೊಳ್ಳಿ. ಬಾಗಿಲಿನ ಕೆಳಗಿನ ಪಟ್ಟಿಯಲ್ಲಿ ನೀರು ಹೋಗಲೆಂದೇ ಇರುವ ತೂತುಗಳನ್ನು ತೆಂಗಿನ ಕಡ್ಡಿಯಿಂದ ಬಿಡಿಸಿ. ಡ್ರೈವ್ ಶಾಫ್ಟಿನ ರಬ್ಬರ್ ಬೂಟು, ವೈರಿನ ಕನೆಕ್ಟರು, ಚಕ್ರದ ಬೇರಿಂಗು — ಇವುಗಳಿಗೆ ಹತ್ತಿರದಿಂದ ನೇರ ಹಿಡಿಯಬಾರದು. ಆಂಟಿ-ರಸ್ಟ್ ಕೋಟಿಂಗ್ ಎಲ್ಲಾದರೂ ಉಬ್ಬಿದ್ದರೆ ಅಲ್ಲಿಗೂ ಬೇಡ. ನೀರು ಅದರಡಿ ನುಗ್ಗಿ ಇನ್ನಷ್ಟು ಎಬ್ಬಿಸುತ್ತದೆ. ತೊಳೆದ ಕೂಡಲೇ ಹ್ಯಾಂಡ್ ಬ್ರೇಕ್ ಎಳೆದು ನಿಲ್ಲಿಸಬೇಡಿ. ಎರಡು ಕಿಲೋಮೀಟರ್ ಓಡಿಸಿ, ಮೆಲ್ಲಗೆ ಮೂರು ನಾಲ್ಕು ಸಲ ಬ್ರೇಕ್ ಒತ್ತಿ ಒಣಗಿಸಿ. ಇಲ್ಲವಾದರೆ ಮರುದಿನ ಹಿಂದಿನ ಚಕ್ರ ಹಿಡಿದುಕೊಂಡಿರುತ್ತದೆ.

ಪ್ರಶ್ನೆ: ಹೊಸ ಮೆಷಿನ್, ಹೊಸ ಫೋಮ್ ಗನ್. ನೊರೆಯ ಬದಲು ಹಾಲಿನಂಥ ನೀರು ಬರುತ್ತದೆ.
— ಓದುಗರು, ಬಿಜೈ, ಮಂಗಳೂರು

ಉತ್ತರ: ಬೇರೆಯಾಗಿ ಕೊಂಡ ಫೋಮ್ ಗನ್ ಆದರೆ ಅದರೊಳಗಿನ ತೂತು 1.25 ಮಿ.ಮೀ. ಇರುವ ಸಾಧ್ಯತೆ ಹೆಚ್ಚು. ಅದು ಹೆಚ್ಚು ನೀರಿನ ದೊಡ್ಡ ಮೆಷಿನ್‌ಗೆ ಹೊಂದುವಂಥದ್ದು. ನಿಮಿಷಕ್ಕೆ ಆರು ಲೀಟರ್‌ನ ಮೆಷಿನ್‌ನಲ್ಲಿ ಅಲ್ಲಿ ಒತ್ತಡವೇ ಏರುವುದಿಲ್ಲ. 1.1 ಮಿ.ಮೀ.ನ ಹಿತ್ತಾಳೆ ಬಿಡಿಭಾಗ ಬೇರೆಯಾಗಿ ಸಿಗುತ್ತದೆ, ಹಾಕಿ ನೋಡಿ. ಜತೆಗೆ ಬಾಟಲಿಯೊಳಗಿನ ಸಪೂರ ನಳಿಗೆ ಕಳಚಿಕೊಂಡಿದೆಯೇ ಎಂದು ನೋಡಿ. ಒಂದು ಲೀಟರ್ ಬಾಟಲಿಗೆ 50ರಿಂದ 100 ಮಿ.ಲೀ. ಕಾರ್ ಶಾಂಪೂ, ಉಳಿದದ್ದು ನೀರು. ಮೊದಲು ನೀರು, ಆಮೇಲೆ ಶಾಂಪೂ. ಪಾತ್ರೆ ತೊಳೆಯುವ ಸೋಪು ಬೇಡ, ಮೇಣದ ಪದರವನ್ನು ಅದು ಎಬ್ಬಿಸುತ್ತದೆ.

ನೊರೆ ಹಾಕುವ ಮೊದಲು ಬರೀ ನೀರಿನಲ್ಲಿ ಕೆಂಪು ಧೂಳು ಇಳಿಸಿ. ನೊರೆ ನಾಲ್ಕೈದು ನಿಮಿಷ ಇರಲಿ, ಒಣಗಬಾರದು. ಹಾಗಾಗಿ ಬಿಸಿಲಿಗೆ ಕಾದ ಬಾನೆಟ್ಟಿನ ಮೇಲೆ ಈ ಕೆಲಸ ಬೇಡ. ಹಲಸಿನ ಮೇಣ, ಮಾವಿನ ಸೊನೆ ನೊರೆಗೂ ಹೋಗುವುದಿಲ್ಲ, ಒತ್ತಡಕ್ಕೂ ಹೋಗುವುದಿಲ್ಲ. ನಾಝಲ್ ಹತ್ತಿರ ತಂದು ಎಬ್ಬಿಸಲು ಹೋದರೆ ಪೈಂಟು ಎದ್ದೀತು. ಮೆತ್ತನೆ ಬಟ್ಟೆಗೆ ಟಾರ್ ರಿಮೂವರ್ ಹಚ್ಚಿ ಒತ್ತಿ ಹಿಡಿದು ಒರೆಸಿ, ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಿ.

ಪ್ರಶ್ನೆ: ಟ್ರಿಗರ್ ಬಿಟ್ಟ ಮೇಲೂ ಮೆಷಿನ್ ಆಗಾಗ ತಾನಾಗಿಯೇ ಒಂದು ಸೆಕೆಂಡ್ ಓಡಿ ನಿಲ್ಲುತ್ತದೆ.
— ಓದುಗರು, ಮಣಿಪಾಲ

ಉತ್ತರ: ಎಲ್ಲೋ ಸೋರಿಕೆ ಇದೆ. ಒತ್ತಡ ಇಳಿದ ಕೂಡಲೇ ಆಟೋ ಸ್ಟಾಪ್ ಸ್ವಿಚ್ ಮೋಟಾರನ್ನು ಎಬ್ಬಿಸುತ್ತದೆ. ಗನ್ನಿನ ತುದಿ ತೊಟ್ಟಿಕ್ಕುತ್ತದೆಯೇ, ಪೈಪಿನ ಎರಡೂ ತುದಿಯ ಓ-ರಿಂಗ್ ಹರಿದಿದೆಯೇ ನೋಡಿ. ಹೊರಗೆಲ್ಲೂ ಒದ್ದೆ ಕಾಣದಿದ್ದರೆ ಪಂಪಿನೊಳಗಿನ ವಾಲ್ವಿನಲ್ಲಿ ಹೊಯಿಗೆ ಕೂತಿದೆ, ಬಿಚ್ಚಿ ತೊಳೆಯಬೇಕು.

ಕೆಲಸ ಮುಗಿದ ಮೇಲೆ ಸ್ವಿಚ್ ಆರಿಸಿ, ನಲ್ಲಿ ಕಟ್ಟಿ, ಗನ್ ಒತ್ತಿ ಒತ್ತಡ ಬಿಡುವ ಅಭ್ಯಾಸವಿಟ್ಟುಕೊಳ್ಳಿ. ಒಳಹೋಗುವ ಬಾಯಿಗೂ ಗನ್ನಿನ ತುದಿಗೂ ಮುಚ್ಚಳವೋ ಬಟ್ಟೆಯೋ ಇರಲಿ. ತೆರೆದಿಟ್ಟರೆ ಕುಂಬಾರ ಹುಳ ಮಣ್ಣು ಮೆತ್ತುತ್ತದೆ, ಮುಂದಿನ ವಾರ ಸ್ವಿಚ್ ಹಾಕಿದಾಗ ಆ ಮಣ್ಣು ನೇರ ನಾಝಲ್‌ಗೆ ಬಂದು ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಕಾರಿಗೆ ಯಾವ ನಾಝಲ್? ಅದರಲ್ಲೇ ಅಂಗಳದ ಇಂಟರ್‌ಲಾಕ್ ಪಾಚಿ ತೆಗೆಯಬಹುದೇ?
— ಓದುಗರು, ಬ್ರಹ್ಮಾವರ

ಉತ್ತರ: ಬಣ್ಣದ ನಾಝಲ್‌ಗಳ ಸೆಟ್ ಆದರೆ ಕಾರಿನ ಮೈಗೆ ಬಿಳಿ, ಅಂದರೆ 40 ಡಿಗ್ರಿ, ಚಕ್ರ ಮತ್ತು ಮಡ್‌ಗಾರ್ಡಿಗೆ ಹಸಿರು, 25 ಡಿಗ್ರಿ. ಕೆಂಪು ಸೊನ್ನೆ ಡಿಗ್ರಿಯದ್ದನ್ನೂ ಸುತ್ತುವ ಟರ್ಬೊ ನಾಝಲನ್ನೂ ಕಾರಿನ ಹತ್ತಿರ ತರಲೇಬೇಡಿ. ಬಾಡಿಯಿಂದ, ಟೈರಿನ ಬದಿಯಿಂದ ಕನಿಷ್ಠ 30 ಸೆಂ.ಮೀ. ದೂರ ಇರಲಿ. ಮರುಪೈಂಟ್ ಮಾಡಿದ ಜಾಗ, ಸ್ಟಿಕ್ಕರಿನ ಅಂಚು, ಪಾರ್ಕಿಂಗ್ ಸೆನ್ಸರ್, ರೇಡಿಯೇಟರಿನ ತೆಳು ರೆಕ್ಕೆಗಳಿಗೆ ಇನ್ನೂ ದೂರ.

ಪಾಚಿಗೆ ಆ ಟರ್ಬೊ ನಾಝಲೇ ಸರಿ. ಆದರೆ ಇಂಟರ್‌ಲಾಕ್ ಸಂದಿನ ಹೊಯಿಗೆಯೂ ಪಾಚಿಯ ಜತೆ ಹೋಗುತ್ತದೆ. ಓರೆಯಾಗಿ ಹಿಡಿದು ತೊಳೆದು, ಒಣಗಿದ ಮೇಲೆ ಸಂದುಗಳಿಗೆ ಹೊಸ ಹೊಯಿಗೆ ಗುಡಿಸಿ ತುಂಬಿಸಿ. ಬಿಟ್ಟರೆ ಕಲ್ಲುಗಳು ಅಲುಗಾಡಲು ತೊಡಗುತ್ತವೆ. ಬರಿಗಾಲಲ್ಲಿ, ಹವಾಯಿ ಚಪ್ಪಲಿಯಲ್ಲಿ ಈ ಕೆಲಸ ಬೇಡ, ಗಮ್‌ಬೂಟ್ ಹಾಕಿ. ಹತ್ತಿರದಿಂದ ಬಿದ್ದ ಧಾರೆ ಚರ್ಮ ಸೀಳಿ ಒಳಹೋಗುತ್ತದೆ. ಹೊರಗೆ ಸೂಜಿಮೊನೆಯಷ್ಟೇ ಗಾಯ ಕಂಡರೂ ಒಳಗೆ ಕೊಳೆ ನೀರು ಹರಡಿರುತ್ತದೆ. ಅಂಥದ್ದಾದರೆ ಮನೆಮದ್ದು ಮಾಡುತ್ತಾ ಕೂರದೆ, ಏನು ತಗಲಿತೆಂದು ಹೇಳಿ ಕೂಡಲೇ ಆಸ್ಪತ್ರೆಯಲ್ಲಿ ತೋರಿಸಿ.